ಮೊದಲ ಕಾಲು, ಆಮ್ಯಾಲ ಆಸನ

ಸರ್ ಅವರ ಬೆರಳುಗಳು ಬೆಳಗಿನ ಹೊತ್ತು ತಣ್ಣಗೆ ಕೊರೆಯುತ್ತಿದ್ದವು. ಆ ಬೆರಳುಗಳನ್ನು ನಮ್ಮ ಕಾಲ್ಬೆರಳುಗಳ ಸಂದಿಯಲ್ಲಿ ಆಡಿಸಿ, ಹಿಮ್ಮಡಿ ಒತ್ತಿ, ಅಂಗಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಜಮಖಂಡಿಯ ನಮ್ಮ ಓಣಿಯ ಸಮುದಾಯ ಭವನದಲ್ಲಿ ಯೋಗದ ಕ್ಲಾಸು ಶುರುವಾಗುತ್ತಿದ್ದದ್ದೇ ಹೀಗೆ. ಚಾಪೆಯ ಮೇಲೆ ಕಾಲು ಚಾಚಿ ಕೂತ ನಾವೆಲ್ಲ ಸಕ್ಕರೆ ಕಾಯಿಲೆಯವರು. ಅವರು ನಿವೃತ್ತ ಡ್ರಿಲ್ ಮಾಸ್ತರರು, ನಮ್ಮೆಲ್ಲರಿಗಿಂತ ಮೊದಲೇ ಸಕ್ಕರೆ ಅಂಟಿಸಿಕೊಂಡವರು.

"ಮೊದಲ ಕಾಲು, ಆಮ್ಯಾಲ ಆಸನ" ಎನ್ನುತ್ತಿದ್ದರು. ಸಕ್ಕರೆ ಏರಿದರೆ ಕಾಲು ಜೋಮು ಹಿಡಿಯುತ್ತದೆ, ಗಾಯವಾದರೂ ತಿಳಿಯುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಅವರೇ. ಯೋಗಕ್ಕೆ ಬಂದ ಹುರುಪಿನಲ್ಲಿ ಯಾರಾದರೂ ಔಷಧ ಬಿಟ್ಟರೆ ಮೈಮೇಲೆ ಏರಿ ಬರುತ್ತಿದ್ದರು. "ಗುಳಿಗಿ ನುಂಗೇ ಬರ್ರಿ! ಯೋಗ ಇರೂದು ಗುಳಿಗಿ ಬಿಡಸಾಕ ಅಲ್ಲ, ನಿಮ್ಮ ಮೈಗಳ್ಳತನ ಬಿಡಸಾಕ." ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರ ಮಾಡುವ ಸಾವುಕಾರರೊಬ್ಬರು ಹೊಟ್ಟೆ ಹೊತ್ತು ಬರುತ್ತಿದ್ದರು. ಅವರಿಗೆ, "ಸಾವಕಾರ್ರ, ಬೆಲ್ಲ ಮಾರೂದ ನಿಮ್ಮ ಕೆಲಸ, ನೆಕ್ಕೂದಲ್ಲ" ಎಂದು ನಿತ್ಯ ಚುಚ್ಚುಮಾತು. ಸರ್ ಮಾತ್ರ ಮದುವೆ ಮನೆಗೂ ಬಟ್ಟೆಯಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದರು. ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, "ಬೀಗರಿಗೆ ಸಿಟ್ಟ ಏರಿದ್ರ ಇಳಿತೈತಿ, ಸಕ್ರಿ ಏರಿದ್ರ ಇಳಿಯೂದಿಲ್ಲ" ಎನ್ನುತ್ತಿದ್ದರು.

ಅವರು ಕಾಲು ಮುಟ್ಟುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಸಾಲೆಯಲ್ಲಿ ನನಗೆ ಡ್ರಿಲ್ ಕಲಿಸಿದವರು. ಹಿರಿಯರ ಕೈ ನಮ್ಮ ಕಾಲಿಗೆ ತಾಗಿದರೆ ಪಾಪ ಎಂದು ಅವ್ವ ಹೇಳಿದ್ದು ತಲೆಯಲ್ಲಿ ಕೂತಿತ್ತು. ಶ್ರಾವಣ ಸೋಮವಾರ ಬರಿಗಾಲಲ್ಲಿ ಗುಡಿಗೆ ಹೋಗಿ ಬಂದ ಮರುದಿನ ಅವರು ನನ್ನೆದುರು ಕೂತಾಗ, ಸರಕ್ಕನೆ ಕಾಲು ಎಳೆದುಕೊಂಡು ನಾನೇ ಅವರ ಕಾಲಿಗೆ ಬಿದ್ದೆ.

"ಕಾಲ ಕೊಡೋ."

"ಬ್ಯಾಡ್ರಿ ಸರ್, ನೀವು ನನ್ನ ಕಾಲ ಹಿಡಿಯೂದು ಛಲೋ ಅಲ್ಲರಿ."

"ಕಾಲ ಎಳಕೊಂಡ್ರ ಮರ್ಯಾದಿ ಉಳಿತೈತಿ, ಕಾಲ ಉಳಿಯೂದಿಲ್ಲ" ಎಂದು ಜಗ್ಗಿ ತೊಡೆಯ ಮೇಲೆ ಇಟ್ಟುಕೊಂಡರು. ಹೆಬ್ಬೆರಳ ಬುಡದಲ್ಲಿ ಜಾಲಿ ಮುಳ್ಳೊಂದು ಮುರಿದು ಕೂತಿತ್ತು. ಅದರ ಸುತ್ತ ಆಗಲೇ ಕೆಂಪಾಗಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ! ಅವತ್ತು ಕ್ಲಾಸನ್ನು ಅಷ್ಟಕ್ಕೇ ಬಿಟ್ಟು, ತಮ್ಮ ಹಳೆಯ ಸ್ಕೂಟರಿನಲ್ಲಿ ನನ್ನನ್ನು ದವಾಖಾನೆಗೆ ಕರೆದೊಯ್ದರು. ಗಾಯ ಮಾಯಲು ಬಹಳ ದಿನ ಹಿಡಿಯಿತು. ಕಾಲು ಉಳಿಯಿತು.

ಮುಂದೆ ಅವರ ಹೆಂಡತಿ ತೀರಿಕೊಂಡರು. ಸರ್ ಕ್ಲಾಸು ತಪ್ಪಿಸಲಿಲ್ಲ, ಆದರೆ ಸಾಕ್ಸ್ ಹಾಕಿಕೊಂಡು ಬರತೊಡಗಿದರು. ಬೇಸಿಗೆಯಲ್ಲೂ ಸಾಕ್ಸ್. "ವಯಸ್ಸಾತು, ಥಂಡಿ ಹತ್ತತೈತಿ" ಎಂದರು. ನಾವು ಹೌದೆಂದೆವು.

ಆ ವರ್ಷ ಗುರುಪೂರ್ಣಿಮೆಗೆ ನಮಗೆ ಎಲ್ಲಿಲ್ಲದ ಉತ್ಸಾಹ. ಸರ್ ಬೇಡ ಬೇಡ ಎಂದರೂ ಬಿಡದೆ ಕುರ್ಚಿಯಲ್ಲಿ ಕೂರಿಸಿ, ಸಾಕ್ಸ್ ಬಿಚ್ಚಿಸಿ, ಹಿತ್ತಾಳೆ ತಾಟಿನಲ್ಲಿ ಪಾದ ಇರಿಸಿದೆವು. ನೀರು ಹಾಕಿದೆವು, ವಿಭೂತಿ ಹಚ್ಚಿದೆವು, ಸೇವಂತಿಗೆ ಏರಿಸಿದೆವು. ಸರ್ ಎರಡೂ ಪಾದಗಳನ್ನು ತಾಟಿಗೆ ಗಟ್ಟಿಯಾಗಿ ಒತ್ತಿಕೊಂಡು ಕೂತಿದ್ದರು. ಬಲಗಾಲಿನ ಅಡಿಯಲ್ಲಿ ಅಷ್ಟೊತ್ತಿಗಾಗಲೇ ಹುಣ್ಣು ಆಳಕ್ಕೆ ಇಳಿದಿತ್ತು. ಅಷ್ಟು ಜನರಲ್ಲಿ ಒಬ್ಬರೂ ಆ ಪಾದ ಎತ್ತಿ ನೋಡಲಿಲ್ಲ. ನೀರು ಹಾಕಿದವನು ನಾನೇ.

ವಾರದೊಳಗೆ ಜ್ವರ ಬಂತು. ಬೆಳಗಾವಿಯ ದವಾಖಾನೆಯಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. ಮಂಚದ ಪಕ್ಕ ನಿಂತು, "ನಮಗರ ಹೇಳಬಾರದಾಗಿತ್ತೇನ್ರಿ ಸರ್?" ಎಂದು ಕೇಳಿದೆ. ಕೇಳುವಾಗಲೇ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು.

"ಕಣ್ಣ ಮಂಜ ಆಗ್ಯಾವೋ, ನನಗ ಕಾಣಲಿಲ್ಲ. ಆಕಿ ಇದ್ದಾಗ ದಿನಾ ನನ್ನ ಕಾಲ ಆಕೀನ ನೋಡತಿದ್ಲು" ಎಂದರು. ಉಳಿದ ಕಾಲಿನ ಮೇಲೆ ಚಾದರ ಎಳೆದುಕೊಂಡು, "ವಾಸನಿ ಬಂದಾಗ ತಿಳೀತು. ಆದ್ರ ದಿನಾ ನಮಸ್ಕಾರ ಮಾಡೂ ಮಂದಿ ಮುಂದ ಅಂಗಾಲ ಎತ್ತಿ ತೋರಸಾಕ ನಾಚಿಕಿ ಆತು" ಎಂದರು.

ಊರಿಗೆ ಬಂದ ಮೇಲೆ ಉಳಿದ ಕಾಲನ್ನು ದಿನಾ ಬೆಳಿಗ್ಗೆ ನಾನು ನೋಡುತ್ತಿದ್ದೆ. ಮೊದಮೊದಲು ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಆಮೇಲೆ ಕುರ್ಚಿಯಲ್ಲಿ ಕೂತೇ ಮತ್ತೆ ಕ್ಲಾಸು ಶುರು ಮಾಡಿದರು. ಬೈಗುಳವೂ ಮರಳಿ ಬಂದಾಗ ನಮಗೆಲ್ಲ ಜೀವ ಬಂದಂತಾಯಿತು. ಆದರೆ ಹೃದಯ ಸೋತಿತ್ತು. ಮರುವರ್ಷದ ಚಳಿಗಾಲದಲ್ಲಿ ಸರ್ ಹೋಗಿಬಿಟ್ಟರು.

ಅಂಗಳದಲ್ಲಿ ಮಲಗಿಸಿದ್ದರು. ಕಡೆಯ ನಮಸ್ಕಾರಕ್ಕೆ ಓಣಿಯುದ್ದಕ್ಕೂ ಸಾಲು. ಇದ್ದದ್ದು ಒಂದೇ ಪಾದ, ಅದನ್ನು ಮುಟ್ಟಲು ನೂಕಾಟ. ಸಾವುಕಾರರು ಹಣೆ ಹಚ್ಚಿ ಅಳುತ್ತಾ ಎದ್ದರು. ನನ್ನ ಸರದಿ ಬಂದಾಗ ಕೈ ರೂಢಿಯಂತೆ ಪಾದದ ಅಡಿಗೆ ಹೋಯಿತು. ಬೆರಳ ಸಂದಿ ನೋಡಿದೆ, ಹಿಮ್ಮಡಿ ನೋಡಿದೆ. ಒಂದು ಗೀರು ಸಹ ಇರಲಿಲ್ಲ. ಅಷ್ಟು ಸುಲಭದ ಕೆಲಸವಾಗಿತ್ತು ಅದು.