ಕೊಲ್ಲಿಯಿಂದ ಬಾರದ ಲ್ಯಾಬ್ ವರದಿ

ಕೋವಿಡ್ ಗದ್ದಲ ಅಡಗಿದ ಮರುವರ್ಷ ಕಮಲಾಪುರ ತಾಲೂಕಿನಲ್ಲಿ ಕ್ಷಯರೋಗ ಚಿಕಿತ್ಸಾ ಮೇಲ್ವಿಚಾರಕನಾಗಿ ಸೇರಿದೆ. ರೋಗಿಗಳು ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ನೋಡುವ ಕೆಲಸ. ಅದಕ್ಕೂ ಮೊದಲು ಕಲಬುರಗಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಹುಲಿ ಎನಿಸಿಕೊಂಡಿದ್ದೆ. ದೇಶದೇಶಗಳ ಸಹಕಾರದಿಂದ ಜನಾರೋಗ್ಯ ಎಂಬ ವಿಷಯ ಕೊಟ್ಟರೆ ವಿರುದ್ಧವೇ ನಿಲ್ಲುತ್ತಿದ್ದೆ. ಬಹುಮಾನವೂ ಬರುತ್ತಿತ್ತು.

ನನ್ನ ರೋಗಿಗಳಲ್ಲೊಬ್ಬರಾದ ಖಾಜಾಸಾಬರಿಗೆ ಮೂವತ್ನಾಲ್ಕು ವರ್ಷ. ಕೊಲ್ಲಿಯ ಒಂದು ನಗರದಲ್ಲಿ ಟೈಲ್ಸ್ ಕೂಡಿಸುತ್ತಿದ್ದರು. ವೀಸಾ ನವೀಕರಣದ ಎಕ್ಸ್‌ರೇಯಲ್ಲಿ ಕ್ಷಯ ಕಂಡಿತು. ಎರಡು ಮೂರು ತಿಂಗಳು ಆಸ್ಪತ್ರೆಯಲ್ಲಿಟ್ಟು ಅಲ್ಲಿಂದಲೇ ವಿಮಾನ ಹತ್ತಿಸಿದ್ದರು. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

"ಅಲ್ಲಿ ಕಫ ಮೂರು ಸಲ ತಗೊಂಡ್ರು, ಒಂದ್ ಗೋಲಿ ಬದ್ಲಿ ಮಾಡಿದ್ರು. ಯಾಕಂತ ಹೇಳಲಿಲ್ರಿ," ಎಂದರು.

ಕಫ ಪರೀಕ್ಷಿಸುವ ನಮ್ಮ ಯಂತ್ರ ಒಂದು ಮುಖ್ಯ ಔಷಧ ನಾಟುತ್ತದೆ ಎಂದಷ್ಟೇ ಹೇಳಿತ್ತು. ಉಳಿದವುಗಳಿಗೆ ಕಲ್ಚರ್ ಬೇಕು, ಅಂದರೆ ರೋಗಾಣುವನ್ನು ಬೆಳೆಸಿ ನೋಡಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಗೋಲಿ ಬದಲಿಸಿದ್ದಾರೆಂದರೆ ಅಲ್ಲಿ ಅದು ಆಗಲೇ ಮುಗಿದಿರಬೇಕು. ನಮ್ಮ ಮಾತ್ರೆ ಶುರುವಾಗಿ ಎರಡು ತಿಂಗಳಾದರೂ ಕೆಮ್ಮು ತಗ್ಗದಿದ್ದಾಗ ಕಫವನ್ನು ಇಲ್ಲಿಯ ಕಲ್ಚರ್‌ಗೆ ಕಳಿಸಿ, ಆ ಆಸ್ಪತ್ರೆಗೂ ಇಮೇಲ್ ಹಾಕಿದೆ.

ಲ್ಯಾಬಿನ ಗುಮಾಸ್ತೆಯೊಬ್ಬರು ಮರುದಿನವೇ ಉತ್ತರಿಸಿದರು: ರೋಗಿ ಖುದ್ದು ಬರಬೇಕೆಂಬ ನಿಯಮವಿದೆ, ಆದರೂ ಗುರುತಿನ ಚೀಟಿಯ ಪ್ರತಿ ಕಳಿಸಿ, ಕೇಳಿ ನೋಡುತ್ತೇನೆ. ನನ್ನ ಕಣ್ಣಿಗೆ ಬಿದ್ದದ್ದು ನಿಯಮ ಮಾತ್ರ. ತಾವೇ ಗಡಿಪಾರು ಮಾಡಿದ ರೋಗಿಯನ್ನು ಖುದ್ದು ಬಾ ಎನ್ನುವುದೇ? ಎರಡು ಪುಟ ಬರೆದು ಅವರ ಮೇಲಧಿಕಾರಿಗಳಿಗೂ ಪ್ರತಿ ಹಾಕಿದೆ. ಇವತ್ತಿಗೂ ಅದರಲ್ಲಿ ಒಂದು ತಪ್ಪು ವಾದ ಹುಡುಕಲಾರಿರಿ. ಉತ್ತರ ಬಂದದ್ದು ಕಾನೂನು ವಿಭಾಗದಿಂದ: ವಿಷಯ ಪರಿಶೀಲನೆಯಲ್ಲಿದೆ. ಗುಮಾಸ್ತೆ ಮತ್ತೆ ಬರೆಯಲಿಲ್ಲ.

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಕೂರುತ್ತಿದ್ದ ನಮ್ಮ ಕ್ಷಯರೋಗದ ಡಾಕ್ಟರು ಎಲ್ಲ ಪತ್ರ ಓದಿದರು. "ಆಕಿ ಬಾಗಿಲಾ ತೆರದಿದ್ಲಲ್ಲೋ ತಮ್ಮಾ. ಒಳಗ ಹೋಗೋದ್ ಬಿಟ್ಟು ಹೊಸ್ತಿಲದಾಗ ನಿಂತು ಭಾಷಣ ಬಿಗದು ಬಂದಿ!"

ಆಮೇಲೆ ಗುರುತಿನ ಚೀಟಿಯ ಪ್ರತಿ ಕಳಿಸಿದೆ. ಫಲವಾಗಲಿಲ್ಲ. ವಾರವಾರವೂ ಖಾಜಾಸಾಬರ ಹೆಂಡತಿ ಶಾಹೇದಾ, "ಜವಾಬ್ ಬಂತೇನ್ರಿ ಸರ್?" ಎನ್ನುತ್ತಿದ್ದರು.

ಒಂದು ಮಾತ್ರೆ ನಾಟುತ್ತಿಲ್ಲವೆಂದು ನಮ್ಮ ಕಲ್ಚರ್ ವರದಿ ಬಂದು ಔಷಧ ಬದಲಾಗುವ ಹೊತ್ತಿಗೆ ಶ್ವಾಸಕೋಶ ಹಾಳಾಗಿಹೋಗಿತ್ತು. ಖಾಜಾಸಾಬರು ತೀರಿಕೊಂಡರು. ವರದಿ ಮೊದಲೇ ಸಿಕ್ಕಿದ್ದರೆ ಉಳಿಯುತ್ತಿದ್ದರೇ? ಹೇಳಲಾಗದು ಎಂದರು ಡಾಕ್ಟರು. ಪುರಾವೆಯಿಲ್ಲದ್ದನ್ನು ಒಪ್ಪುವವನಲ್ಲ ನಾನು. ಆದರೂ ಈ ಒಂದು ಅನುಮಾನವನ್ನು ನನ್ನ ಪರವಾಗಿ ಬಳಸಿಕೊಳ್ಳಲು ಮನಸ್ಸು ಬಂದಿಲ್ಲ.

ಮನೆಯವರಿಗೂ ರೋಗ ತಗುಲಿದೆಯೇ ಎಂದು ತಪಾಸಣೆಗೆ ಹೋದಾಗ ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಶಾಹೇದಾ ಕೇಳಿದ್ದೇ ಬೇರೆ. "ಅಲ್ಲಿ ಅವ್ರ ಖೋಲಿಯೊಳಗ ಇನ್ನಾ ಆರು ಮಂದಿ ಮಲಗ್ತಿದ್ರು ಸರ್. ನೇಪಾಳದಾವ್ರು, ಬಾಂಗ್ಲಾದಾವ್ರು. ಆ ಗೋಲಿ ನಾಟಂಗಿಲ್ಲಂತ ಅವ್ರಿಗೆ ಹೇಳಾವ್ರು ಯಾರ್ರಿ?"

ನನ್ನ ಯಾವ ಫಾರಂನಲ್ಲೂ ಅದಕ್ಕೆ ಜಾಗವಿರಲಿಲ್ಲ.

ಒಬ್ಬ ಗುಮಾಸ್ತೆಯ ಒಳ್ಳೆಯತನದ ಮೇಲೆ ನಿಂತದ್ದನ್ನು ನಾನು ಈಗಲೂ ವ್ಯವಸ್ಥೆ ಎನ್ನುವುದಿಲ್ಲ. ರೋಗಿಯನ್ನು ವಿಮಾನ ಹತ್ತಿಸುವ ದೇಶ ಅವನ ವರದಿಯನ್ನೂ ಜೊತೆಗೇ ಕಳಿಸಬೇಕು, ಅದು ಕಾಯ್ದೆಯಾಗಬೇಕು. ಆಗುವತನಕ ನಮ್ಮಂಥವರು ಕೇಳುವುದನ್ನೂ ಕೊಡುವುದನ್ನೂ ಕಲಿಯಬೇಕು. ಶಾಹೇದಾ ಕೇಳಿದ ದಿನವೇ ಆ ಗುಮಾಸ್ತೆಗೆ ಬರೆದೆ: ನಮ್ಮ ರೋಗಿ ತೀರಿಕೊಂಡರು. ನಮ್ಮ ಲ್ಯಾಬಿನ ವರದಿ ಇದರೊಂದಿಗಿದೆ. ಅವರ ಕೋಣೆಯ ಆರು ಜನರನ್ನು ದಯವಿಟ್ಟು ಹುಡುಕಿ.