ನಮ್ಮ ರೂಮಿನ ಉಸ್ತುವಾರಿ ಸಂಪುಟ

ಖಾತೆ ಹಂಚಿದವನು ನಾನೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ. ಹಾಳು ನಾಲಿಗೆ ನನ್ನದು. ಅಣಕಿಸಲು ಯಾರದಾದರೂ ದನಿ ಎತ್ತಿಕೊಂಡರೆ ಇಳಿಸಲು ಬಾರದು.

ತೊಂಬತ್ತರ ದಶಕದ ಕೊನೆ. ಮುದ್ದೇಬಿಹಾಳದ ಬಾಡಿಗೆ ರೂಮಿನಲ್ಲಿ ನಾವು ನಾಲ್ವರು ಕಾಲೇಜು ಹುಡುಗರು: ಇಂಡಿಯವ, ಸಿಂದಗಿಯವ, ಬಾಗೇವಾಡಿಯವ, ನಾಲತವಾಡದ ನಾನು. ದೆಹಲಿಯಲ್ಲಿ ಸರ್ಕಾರ ಬಿದ್ದಿತ್ತು. ಚುನಾವಣೆಯವರೆಗೆ ಹಳೆಯ ಮಂತ್ರಿಗಳೇ ಉಸ್ತುವಾರಿ ಸರ್ಕಾರವಾಗಿ ಮುಂದುವರಿಯುತ್ತಾರೆಂದು ರೇಡಿಯೊ ಹೇಳುತ್ತಿತ್ತು. ಅದೇ ವಾರ ನಮಗೆ ಊಟ ಹಾಕುತ್ತಿದ್ದ ಖಾನಾವಳಿಯ ಅಕ್ಕ, ಮಗಳ ಬಾಣಂತನಕ್ಕೆಂದು ಬೀಗ ಹಾಕಿ ಹೋದರು. ಅವರು ಬರುವವರೆಗೆ ನಾವೇ ಬೇಯಿಸಿಕೊಳ್ಳಬೇಕು.

“ನಮ್ಮದೂ ಉಸ್ತುವಾರಿ ಸರಕಾರ ಆತಲ್ಲೋ,” ಎಂದು ಬಾಗೇವಾಡಿಯವ ನಕ್ಕ. ನನಗೆ ಅಷ್ಟು ಸಾಕಾಯಿತು. ಸ್ಟೋವಿನ ಮುಂದೆ ಕೂತು, ಮೂಗು ಹಿಡಿದು, ವಾರ್ತೆ ಓದುವವರ ದನಿ ತೆಗೆದೆ. ಚಹಾಕ್ಕೂ ಜೇಬು ಮುಟ್ಟದ ಬಾಗೇವಾಡಿಯವನಿಗೆ ಹಣಕಾಸು. ಜೀವಮಾನದಲ್ಲಿ ಹಿಟ್ಟು ಮುಟ್ಟದ ಸಿಂದಗಿಯ ಗೌಡರ ಮಗನಿಗೆ ಆಹಾರ, ಎಂದರೆ ರೊಟ್ಟಿ. ನಾನು ಖಾತೆ ಇಲ್ಲದ ಮಂತ್ರಿ, ತಿನ್ನಲು ಮಾತ್ರ.

ಇಂಡಿಯವ ಆಗಲೇ ಮೊಣಕೈವರೆಗೆ ತೊಳೆದುಕೊಂಡು ಜೋಳದ ಹಿಟ್ಟಿನ ಪರಾತ ಎಳೆದುಕೊಂಡಿದ್ದ. “ರೊಟ್ಟಿ ನಾ ಬಡಿತೇನಿ, ನಮ್ಮವ್ವ ಕಲಿಸ್ಯಾಳ,” ಎಂದು ಬೆಳಿಗ್ಗೆಯೇ ಹೇಳಿದ್ದ. ಅವನ ಅಪ್ಪ ಊರಲ್ಲಿ ಗಟಾರ ಬಳಿದು ಸ್ವಚ್ಛ ಮಾಡುವವರು. ಅವನು ಮನೆಯಿಂದ ಬುತ್ತಿ ತಂದಾಗೆಲ್ಲ ನಾವು ಮೂವರೂ ಹೊಟ್ಟೆ ಸರಿಯಿಲ್ಲವೆಂದು ಜಾರಿಕೊಳ್ಳುತ್ತಿದ್ದೆವು. ಇವತ್ತಾದರೂ ತನ್ನ ಕೈಯ ರೊಟ್ಟಿ ತಿನ್ನುತ್ತಾರೋ ಇಲ್ಲವೋ ನೋಡಲೆಂದೇ ಅವನು ಪರಾತದ ಮುಂದೆ ಕೂತಿದ್ದ.

ನನ್ನ ದನಿ ನಿಲ್ಲಲಿಲ್ಲ. “ಇನ್ನು ಸಂಡಾಸು, ಬಚ್ಚಲು, ಗಟಾರ. ನೈರ್ಮಲ್ಯ ಖಾತೆ ಇಂಡಿ ಕ್ಷೇತ್ರದ ಸನ್ಮಾನ್ಯರಿಗೆ.”

ಯಾರೂ ನಗಲಿಲ್ಲ. ಸಿಂದಗಿಯವ ಸ್ಟೋವಿನ ಪಿನ್ನು ಹುಡುಕತೊಡಗಿದ. ಇಂಡಿಯವನ ಅಪ್ಪನ ಕೆಲಸ ಆ ಗಳಿಗೆ ನೆನಪಿರಲಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನೆನಪಿಲ್ಲದೆ ಆ ಖಾತೆ ಸರಿಯಾಗಿ ಅವನ ಬಳಿಗೇ ಹೇಗೆ ಹೋಯಿತು?

ಇಂಡಿಯವ ಕೈಗೆ ಮೆತ್ತಿದ ಹಿಟ್ಟನ್ನು ಉದುರಿಸಿ, ಪರಾತವನ್ನು ನನ್ನತ್ತ ಸರಿಸಿದ.

“ತಪ್ಪಾತೋ ದೋಸ್ತ, ಮಷ್ಕಿರೀಗಿ ಅಂದೆ,” ಎಂದೆ. ಆಗ ಬಂದದ್ದು ನನ್ನದೇ ದನಿ.

“ತಪ್ಪೇನಿಲ್ಲ ಬಿಡೋ, ಬರೋಬ್ಬರಿ ಮಾಡೀದಿ. ಉಸ್ತುವಾರಿ ಸರಕಾರ ಅಂದ್ರ ಹಳೇ ಮಂತ್ರಿಗೋಳು ಹಳೇ ಖಾತಿ ಮ್ಯಾಲ ಇರತಾರ. ನಮ್ಮಜ್ಜಗೂ ಇದ ಖಾತಿ ಇತ್ತು.”