ವಾದ ಗೆದ್ದ ಸೋಮಶೇಖರಪ್ಪ

ಚಳ್ಳಕೆರೆಯ ಮಾರುಕಟ್ಟೆ ಗೇಟಿನ ಎದುರಿಗೆ ಸೋಮಶೇಖರಪ್ಪನ ಗೋಣಿಚೀಲದ ಅಂಗಡಿ. ಶೇಂಗಾ ಬರುವ ತಿಂಗಳುಗಳಲ್ಲಿ ಅಲ್ಲಿ ಕೂತು ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಉಳಿದ ಕಾಲದಲ್ಲಿ ಚೀಲದ ಪಿಂಡಿಗಳೇ ಕುರ್ಚಿ, ಪಕ್ಕದ ಹೋಟೆಲಿನಿಂದ ಟೀ ಬರುತ್ತಲೇ ಇರುತ್ತದೆ, ಮಾತು ಮಾತ್ರ ಒಂದೇ: ಕಬಡ್ಡಿ.

ಸೋಮಶೇಖರಪ್ಪ ಕಬಡ್ಡಿ ಆಡಿದವನಲ್ಲ. ಚಿಕ್ಕಂದಿನಿಂದ ಉಬ್ಬಸ. ಒಂದೇ ಉಸಿರಿನಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಬರಬೇಕಾದ ಆಟ, ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಹುಡುಗನಿಗೆ ಎಲ್ಲಿಂದ ಒಲಿಯಬೇಕು? ಗೆರೆಯ ಆಚೆ ಕೂತು ನೋಡುವುದು ಅವನ ಪಾಲಿಗೆ ಬಂತು. ನೋಡುತ್ತ ನೋಡುತ್ತ ಐವತ್ತು ದಾಟಿತು. ಯಾವ ಊರಿನ ಯಾವ ಹುಡುಗ ಯಾವ ಕಾಲು ಮುಂದಿಟ್ಟು ಬರುತ್ತಾನೆ, ಯಾರು ಹಿಡಿಯುವ ಮುಂಚೆ ತುಟಿ ಕಚ್ಚುತ್ತಾನೆ, ಎಲ್ಲ ಅವನಿಗೆ ಗೊತ್ತು. ಪಂದ್ಯಾವಳಿ ಹತ್ತಿರ ಬಂತೆಂದರೆ ಜನ ಚೀಲ ಕೊಳ್ಳುವ ನೆಪದಲ್ಲಿ ಬಂದು ‘ಈ ಸಲ ಯಾರಪ್ಪ?’ ಎಂದು ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದು ಅವನಿಗೆ ಬಹಳ ಇಷ್ಟವಾಗಿತ್ತು. ‘ಅಂಗಡಿಯ ಲಾಭಕ್ಕಿಂತ ನಿಮಗೆ ಅದೇ ಹೆಚ್ಚು’ ಎಂದು ಹೆಂಡತಿ ಜ್ಯೋತಿಲಕ್ಷ್ಮಿ ಹೇಳಿದರೆ ಅವನು ಅಲ್ಲಗಳೆಯುತ್ತಿರಲಿಲ್ಲ.

ಅವನ ತಂಡ ಕೊಂಡ್ಲಹಳ್ಳಿ. ಅದು ಅವನ ತಾಯಿಯ ತವರು. ಆ ತಂಡಕ್ಕೆ ಜೀವವಾಗಿದ್ದವನು ಚಿತ್ತಪ್ಪ ಎಂಬ ಯುವಕ, ರೇಡಿಗೆ ಹೋದರೆ ಬರಿಗೈಯಲ್ಲಿ ಬರದವನು. ಹತ್ತಿರದ ಮೊಳಕಾಲ್ಮೂರಿನಲ್ಲಿ ತಾಯಿ ಸೂರಮ್ಮನ ಜೊತೆ ರೇಷ್ಮೆ ಸೀರೆ ನೇಯುತ್ತಿದ್ದ. ಮನೆಯಲ್ಲಿ ಗುಂಡಿಮಗ್ಗ. ಇಡೀ ದಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಹಲಗೆ ಒತ್ತಿ ಒತ್ತಿ ಅವನ ತೊಡೆಗಳು ಕಲ್ಲಾಗಿದ್ದವು. ‘ನಂಗೆ ಕಬಡ್ಡಿ ಕಲಿಸಿದ್ದು ಮಗ್ಗ ಅಣ್ಣಾ’ ಎಂದು ಚಿತ್ತಪ್ಪ ನಗುತ್ತಿದ್ದ. ಸ್ವಂತ ತಮ್ಮನಿಲ್ಲದ ಸೋಮಶೇಖರಪ್ಪನಿಗೆ ಆ ‘ಅಣ್ಣಾ’ ಎನ್ನುವ ಮಾತು ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಆ ವರ್ಷದ ಪಂದ್ಯಾವಳಿಯಲ್ಲಿ ಲೀಗ್ ಪಂದ್ಯಗಳು ಮುಗಿದು ನಾಲ್ಕು ತಂಡಗಳು ಉಳಿದವು. ಸೆಮಿಫೈನಲ್‌ನಲ್ಲಿ ಕೊಂಡ್ಲಹಳ್ಳಿಗೆ ಎದುರಾಗಿದ್ದು ಸಿದ್ದಾಪುರ, ಪಂದ್ಯ ಮುಂದಿನ ಭಾನುವಾರ. ಕೊನೆಯ ಲೀಗ್ ಪಂದ್ಯದಲ್ಲಿ ಚಿತ್ತಪ್ಪನ ಆಟ ಯಾಕೋ ಸಪ್ಪೆಯಾಗಿತ್ತು. ಮರುದಿನ ಬೆಳಿಗ್ಗೆ ಅವನು ಕುಂಟುತ್ತ ಅಂಗಡಿಗೆ ಬಂದ. ಸೋಮಶೇಖರಪ್ಪನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಮೂಳೆ ಡಾಕ್ಟರ ಬಳಿಗೆ ಕರೆದೊಯ್ದ. ಎಡಮಂಡಿಯ ಲಿಗಮೆಂಟ್ ಸ್ವಲ್ಪ ಹರಿದಿದೆ, ಸದ್ಯಕ್ಕೆ ಆಡುವುದು ಬೇಡ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಚಿತ್ತಪ್ಪ ಅಂದ, ‘ಅಣ್ಣಾ, ಈ ಪಂದ್ಯ ಒಂದು ಆಡಿಬಿಡ್ತೀನಿ. ನಾನಿಲ್ದಿದ್ರೆ ತಿಪ್ಪೇರುದ್ರ ಒಬ್ನೇ ರೇಡರ್ರು. ಪಟ್ಟಿ ಕಟ್ಕಂಡು, ಎಡಗಾಲು ಕೊಡ್ದಂಗೆ ಆಡ್ತೀನಿ. ಯಾರಿಗೂ ಹೇಳ್ಬ್ಯಾಡ.’

‘ಡಾಕ್ಟರು ಬ್ಯಾಡ ಅಂದ್ರಲ್ಲೋ.’

‘ಅವರು ಎಲ್ಲಾರ್ಗೂ ಹಂಗೇ ಅಂತಾರೆ.’

ಬೇಡವೆಂದು ಗದರಬೇಕಿತ್ತು. ಚಿತ್ತಪ್ಪನಿಲ್ಲದ ಕೊಂಡ್ಲಹಳ್ಳಿ ತಂಡವನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡ ಸೋಮಶೇಖರಪ್ಪ ಗದರಲಿಲ್ಲ. ‘ಹುಷಾರು’ ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದ.

ಗುರುವಾರ ಸಂಜೆ ಅಂಗಡಿಯಲ್ಲಿ ಜನ ತುಂಬಿದ್ದರು. ಸಿದ್ದಾಪುರದ ಪರ ವಾದಿಸುತ್ತಿದ್ದವನು ವಿಶ್ವನಾಥ್, ಪಕ್ಕದ ರಸ್ತೆಯಲ್ಲಿ ಮೋಟಾರು ರಿಪೇರಿ ಮಾಡುವವನು, ಸೋಮಶೇಖರಪ್ಪನ ಹಳೆಯ ಗೆಳೆಯ. ಅವನ ಅಕ್ಕನ ಮಗ ಅಮರೇಶ್ ಸಿದ್ದಾಪುರದ ಕಾರ್ನರ್ ಆಟಗಾರ, ಮೂಲೆಯಲ್ಲಿ ನಿಂತು ಕಾಲು ಹಿಡಿಯುವುದರಲ್ಲಿ ನಿಸ್ಸೀಮ.

‘ಫೈನಲ್ಲು ಈ ಸಲ ಸಿದ್ದಾಪುರಕ್ಕೇ ಬರ್ದೈತೆ’ ಎಂದ ವಿಶ್ವನಾಥ್.

‘ಏನ್ ನೋಡಿ ಹೇಳ್ತೀಯಲೇ? ಚಿತ್ತಪ್ಪನ್ನ ಹಿಡಿಯೋರು ನಿಮ್ಮಲ್ಲಿ ಯಾರವರೆ?’

‘ಹಿಡಿಯೋದ್ಯಾಕೆ? ಅವ್ನೇ ಮುಟ್ಟಕ್ಕೆ ಬರಲ್ಲ. ಹೋದ ಪಂದ್ಯದಾಗೆ ನೋಡ್ಲಿಲ್ವಾ, ಗೆರೆ ಹತ್ರಾನೇ ಕುಣಿದು ವಾಪಸ್ ಹೋಗ್ತಿದ್ದ. ನಮ್ಮ ಅಮರೇಶನ ಹೆಸರು ಕೇಳಿ ಈಗ್ಲೇ ನಡುಕ ಹತ್ತೈತೆ ಅವ್ನಿಗೆ.’

ಎಲ್ಲರೂ ನಕ್ಕರು. ಸೋಮಶೇಖರಪ್ಪ ಅಂಕಿ ಅಂಶ ಹೇಳಿದ, ಹಳೆಯ ಪಂದ್ಯಗಳನ್ನು ನೆನಪಿಸಿದ. ನಗು ನಿಲ್ಲಲಿಲ್ಲ. ‘ಹೆದರುಪುಕ್ಲ’ ಎಂದು ಹಿಂದಿನಿಂದ ಯಾರೋ ಅಂದರು. ಅವನಿಗೆ ಮೈಯೆಲ್ಲ ಉರಿದುಹೋಯಿತು.

‘ಹೆದರಿಕೆ ಅಲ್ಲ ಲೇ! ಎಡಮಂಡಿ ಹರಿದೈತೆ ಅವ್ನಿಗೆ. ನಾನೇ ಡಾಕ್ಟರತ್ರ ಕರ್ಕಂಡು ಹೋಗಿದ್ದೆ. ಅಂಥ ಕಾಲಿಟ್ಕಂಡು ಆಡಿದಾನೆ, ನಿಮ್ಮಲ್ಲಿ ಒಬ್ಬನ್ನ ತೋರ್ಸಿ ಅಂಥವನ್ನ!’

ನಗು ತಟ್ಟನೆ ನಿಂತಿತು. ‘ಹೌದೇನಪ್ಪ? ಹಂಗಾದ್ರೆ ಭಲೇ ಗಂಡು ಬಿಡು’ ಎಂದರು ಒಬ್ಬರು. ವಿಶ್ವನಾಥ್ ಟೀ ಲೋಟ ಕೆಳಗಿಟ್ಟ. ವಾದ ಗೆದ್ದಿತ್ತು. ಆ ಗೆಲುವಿನ ಸುಖ ಅಂಗಡಿಯ ಷಟರ್ ಎಳೆಯುವವರೆಗೂ ಬಾಳಲಿಲ್ಲ. ತಾನು ಏನು ಹೇಳಿದೆ, ಯಾರ ಎದುರಿಗೆ ಹೇಳಿದೆ ಎಂಬುದು ಬೀಗ ಹಾಕುವಾಗ ಹೊಳೆಯಿತು.

ಶುಕ್ರವಾರ ಚಿತ್ತಪ್ಪನಿಗೆ ಫೋನ್ ಮಾಡಿದ. ನಡೆದದ್ದನ್ನು ಹೇಳಿಬಿಡಬೇಕು, ಹುಡುಗ ಬೇಕಿದ್ದರೆ ಬೈಯಲಿ, ಆದರೆ ಎಚ್ಚರವಾಗಿರಲಿ ಎಂದು ನಿಶ್ಚಯಿಸಿಕೊಂಡೇ ಮಾಡಿದ್ದ. ಅತ್ತಲಿಂದ ‘ಅಣ್ಣಾ!’ ಎಂಬ ಉತ್ಸಾಹದ ದನಿ ಕೇಳುತ್ತಲೇ ನಾಲಿಗೆ ಹೊರಳಲಿಲ್ಲ.

‘ಊಟ ಆಯ್ತೇನೋ?’

‘ಆಯ್ತಣ್ಣಾ. ನೋವು ಕಡಿಮೆ ಐತೆ. ಭಾನುವಾರ ನೋಡು ನೀನು!’

‘ಆಯ್ತು, ಆಯ್ತು’ ಎಂದು ಇಟ್ಟುಬಿಟ್ಟ. ವಿಶ್ವನಾಥ್ ಅಂಥವನಲ್ಲ, ಹೇಳಿರಲಾರ ಎಂದು ತನಗೆ ತಾನೇ ಹೇಳಿಕೊಂಡ. ಶನಿವಾರವೂ ಅದನ್ನೇ ಹೇಳಿಕೊಂಡ.

ಭಾನುವಾರ ಮಧ್ಯಾಹ್ನ ಚಳ್ಳಕೆರೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿತ್ತಪ್ಪ ಎರಡೂ ಮಂಡಿಗಳಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ, ಯಾವುದು ನೋವಿನ ಕಾಲೆಂದು ಯಾರಿಗೂ ತಿಳಿಯಬಾರದೆಂದು. ಮೊದಲ ಅರ್ಧದಲ್ಲಿ ಚಿತ್ತಪ್ಪ ಚೆನ್ನಾಗಿಯೇ ಆಡಿದ. ಆದರೆ ಅಮರೇಶ್ ತನ್ನ ಎಂದಿನ ಮೂಲೆ ಬಿಟ್ಟು ಚಿತ್ತಪ್ಪನ ಎಡಕ್ಕೆ ಬರುವ ಮೂಲೆಗೆ ಹೋಗಿ ನಿಂತಿದ್ದ. ಮೈದಾನದಲ್ಲಿ ಅದರ ಅರ್ಥ ಗೊತ್ತಾದದ್ದು ಬಹುಶಃ ಸೋಮಶೇಖರಪ್ಪನೊಬ್ಬನಿಗೇ. ಅವನು ಎದ್ದು ನಿಂತ. ವಿರಾಮದಲ್ಲಿ ಗೆರೆಯ ಹತ್ತಿರ ಹೋಗಿ ಒಂದು ಮಾತು ಹೇಳಬಹುದಿತ್ತು. ಜನ ಒತ್ತಾಗಿದ್ದಾರೆ ಎಂಬ ನೆವ ಸಿಕ್ಕಿತು. ಮತ್ತೆ ಕೂತ.

ಎರಡನೆಯ ಅರ್ಧದಲ್ಲಿ ಚಿತ್ತಪ್ಪ ಒಬ್ಬನನ್ನು ಮುಟ್ಟಿ ಎಡಕ್ಕೆ ತಿರುಗಿದ. ಅಮರೇಶ್ ಕಾದಿದ್ದವನಂತೆ ನೆಲಕ್ಕೆ ಬಿದ್ದು ಎಡಗಾಲನ್ನು ತಬ್ಬಿದ. ಉಳಿದವರು ಮೇಲೆ ಬಿದ್ದರು. ಎಲ್ಲರೂ ಎದ್ದ ಮೇಲೂ ಚಿತ್ತಪ್ಪ ಏಳಲಿಲ್ಲ. ‘ಅವ್ವಾ’ ಎಂದು ಒಮ್ಮೆ ಕೂಗಿದ, ಆಮೇಲೆ ಮುಖ ಮುಚ್ಚಿಕೊಂಡ. ನಾಲ್ವರು ಎತ್ತಿಕೊಂಡು ಹೋದರು.

ಆಮೇಲೆ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಯಾರ ಲೆಕ್ಕದಲ್ಲೂ ಇಲ್ಲದ ತಿಪ್ಪೇರುದ್ರ ಹುಚ್ಚು ಹಿಡಿದವನಂತೆ ಆಡಿದ. ಕೊಂಡ್ಲಹಳ್ಳಿ ಎರಡು ಅಂಕಗಳಿಂದ ಗೆದ್ದಿತು. ಜನ ಸೋಮಶೇಖರಪ್ಪನನ್ನು ಹುಡುಕಿಕೊಂಡು ಬಂದರು. ‘ನೀ ಹೇಳ್ದಂಗೇ ಆಯ್ತಲ್ಲೋ ಮಾರಾಯ!’ ಎಂದು ಬೆನ್ನು ತಟ್ಟಿದರು, ಹಣೆಗೆ ಗುಲಾಲು ಬಳಿದರು. ಅವನು ಕೈಯಿಂದ ಅದನ್ನು ಒರೆಸಿಕೊಳ್ಳುತ್ತಲೇ ಗುಂಪನ್ನು ಸೀಳಿಕೊಂಡು ಆಸ್ಪತ್ರೆಗೆ ಹೋದ. ಒರೆಸಿದಷ್ಟೂ ಬಣ್ಣ ಹರಡಿ ಮುಖವೆಲ್ಲ ಕೆಂಪಾಗಿತ್ತು. ಮಗನ ಪಂದ್ಯ ನೋಡಲು ಬಂದು, ಈಗ ಮಂಚದ ಪಕ್ಕದಲ್ಲಿ ಕೂತಿದ್ದ ಸೂರಮ್ಮ ಆ ಮುಖವನ್ನು ನೋಡಿ, ‘ಗೆದ್ರೇನಪ್ಪಾ?’ ಎಂದಳು. ಹೂಂ ಎನ್ನುವುದಕ್ಕೂ ಅವನಿಗೆ ನಾಚಿಕೆಯಾಯಿತು.

ಲಿಗಮೆಂಟ್ ಪೂರ್ತಿ ಹರಿದಿತ್ತು. ಆಪರೇಷನ್ ಆಯಿತು. ತಿಂಗಳುಗಟ್ಟಲೆ ಮಂಡಿ ಮಡಿಸುವಂತಿಲ್ಲ, ಗುಂಡಿಗೆ ಇಳಿಯುವಂತಿಲ್ಲ. ಕಬಡ್ಡಿಯ ಮಾತನ್ನು ಡಾಕ್ಟರರ ಎದುರು ಯಾರೂ ಎತ್ತಲೇ ಇಲ್ಲ.

ಸೋಮಶೇಖರಪ್ಪ ವಿಶ್ವನಾಥನ ಅಂಗಡಿಗೆ ಹೋದ. ವಿಶ್ವನಾಥ್ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಬಿಡದೆ, ತಲೆ ಎತ್ತದೆ ಹೇಳಿದ: ‘ಹೌದು, ನಾನೇ ಅಮರೇಶಂಗೆ ಹೇಳ್ದೆ. ಹಿಡಿಯಕ್ಕೆ ಸುಲಭ ಆಗ್ಲಿ ಅಂತ. ಕಾಲು ಹೋಗ್ಲಿ ಅಂತ ಅಲ್ಲ. ಅಮರೇಶನೂ ಅವತ್ತಿಂದ ಸರಿಯಾಗಿ ಉಣ್ತಿಲ್ಲ.’ ತಂತಿ ಸುತ್ತುತ್ತಲೇ, ‘ನೀನು ನಂಗೆ ಹೇಳ್ದೆ, ನಾನು ಅವ್ನಿಗೆ ಹೇಳ್ದೆ’ ಎಂದ. ಜಗಳವಾಡಲು ಹೋಗಿದ್ದ ಸೋಮಶೇಖರಪ್ಪ ಹಾಗೇ ಹಿಂದಿರುಗಿದ.

ಮುಂದಿನ ವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದ. ಮನೆಯಲ್ಲಿ ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆ ಹಾಗೇ ನಿಂತಿತ್ತು. ಸೂರಮ್ಮ ಅವನನ್ನು ಕಂಡು ಸಂಭ್ರಮಪಟ್ಟಳು. ‘ಮೊದ್ಲು ಡಾಕ್ಟರತ್ರ ಕರ್ಕಂಡು ಹೋದೋನು ನೀನೇ ಅಂತಲ್ಲಪ್ಪಾ. ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ’ ಎಂದು ಒಳಗೆ ಕಾಫಿ ಮಾಡಲು ಹೋದಳು. ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಅವಳು ಬರುವುದರೊಳಗೆ ಅವನು ಚಿತ್ತಪ್ಪನಿಗೆ ಎಲ್ಲವನ್ನೂ ಹೇಳಿದ. ಅಂಗಡಿಯ ವಾದ, ನಗು, ಬಾಯಿ ಜಾರಿದ್ದು. ಚಿತ್ತಪ್ಪ ಮಂಚದ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಕೇಳಿದ. ಸಿಟ್ಟಾದಂತೆ ಕಾಣಲಿಲ್ಲ.

‘ಬಾಯಿ ಜಾರ್ತೈತೆ, ಬಿಡು. ನನ್ನ ಪರವಾಗೇ ಮಾತಾಡಿದ್ಯಲ್ಲ’ ಎಂದ. ಏನನ್ನೋ ಲೆಕ್ಕ ಹಾಕುವವನಂತೆ ಕೇಳಿದ, ‘ಇದು ಗುರುವಾರದ ಮಾತಾ?’

‘ಹೂಂ.’

‘ಶುಕ್ರವಾರ ಫೋನ್ ಮಾಡಿದ್ಯಲ್ಲ.’

ಸೋಮಶೇಖರಪ್ಪ ತಲೆ ತಗ್ಗಿಸಿದ.

‘ಆಗ ಹೇಳಿದ್ರೆ ನಾನು ಎಡಕ್ಕೆ ತಿರುಗ್ತಿರ್ಲಿಲ್ಲ.’

ಅಷ್ಟರಲ್ಲಿ ಸೂರಮ್ಮ ಕಾಫಿ ತಂದಳು. ಚಿತ್ತಪ್ಪ, ‘ಇವರಿಗೆ ಕೊಡವ್ವ’ ಎಂದ. ತಾಯಿಗೆ ಅವನು ಏನನ್ನೂ ಹೇಳಲಿಲ್ಲ. ಆದರೆ ಆ ದಿನದಿಂದ ‘ಅಣ್ಣಾ’ ಎನ್ನುವುದನ್ನು ಬಿಟ್ಟ.

ಮಂಡಿಯ ವ್ಯಾಯಾಮಕ್ಕೆ ಚಿತ್ತಪ್ಪ ವಾರಕ್ಕೊಮ್ಮೆ ಚಳ್ಳಕೆರೆಗೆ ಬರಬೇಕಿತ್ತು. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಕರೆದೊಯ್ಯಲು ಸೋಮಶೇಖರಪ್ಪ ಕಾದು ನಿಲ್ಲುತ್ತಿದ್ದ. ಬೇಡವೆಂದು ಚಿತ್ತಪ್ಪ ಹೇಳಲಿಲ್ಲ, ಬಂದು ಸ್ಕೂಟರಿನ ಹಿಂದೆ ಕೂರುತ್ತಿದ್ದ. ದಾರಿಯಲ್ಲಿ ಬಿಸಿಲಿನ ಮಾತು, ರೇಷ್ಮೆಯ ಮಾತು, ಮತ್ತೇನಿಲ್ಲ. ಸೋಮಶೇಖರಪ್ಪ ಅಂಗಡಿಯಲ್ಲಿಯೂ ಆಟದ ಮಾತು ಬಿಟ್ಟಿದ್ದ. ಯಾರಾದರೂ ಕೇಳಿದರೆ ‘ನಂಗೇನ್ ಗೊತ್ತಪ್ಪ’ ಎನ್ನುತ್ತಿದ್ದ. ಕೆಲವರು ಅದನ್ನು ಜಂಬ ಎಂದುಕೊಂಡರು. ನಿಧಾನವಾಗಿ ಗುಂಪು ಟೀ ಹೋಟೆಲಿಗೆ ಸರಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿತ್ತಪ್ಪನ ಮಂಡಿ ಮಗ್ಗದ ಗುಂಡಿಗೆ ಇಳಿಯುವಷ್ಟು ಬಾಗತೊಡಗಿತು. ಒಂದು ದಿನ ಬಸ್ಸು ಹತ್ತುವ ಮೊದಲು ಅವನು ಹೇಳಿದ, ‘ಮುಂದಿನ ವಾರದಿಂದ ನಾನೇ ನಡ್ಕಂಡು ಹೋಗ್ತೀನಿ. ನೀವು ಬರೋದು ಬ್ಯಾಡ್ರಿ.’

ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಸೋಮಶೇಖರಪ್ಪ ಆಗಲಿ ಎಂದ. ಬಸ್ಸು ಹೊರಟ ಮೇಲೆ ಸ್ಕೂಟರನ್ನು ತಳ್ಳಿಕೊಂಡೇ ಅಂಗಡಿಯ ಕಡೆ ನಡೆದ.